ಚಿಕ್ಕ ಗಡ್ಡೆಯ ಅಕ್ಕ, ದೊಡ್ಡ ಗಡ್ಡೆಯ ತಂಗಿ

ಕುಣಿಗಲ್
12 ಜೂನ್ 2024

ಚೆನ್ನಮ್ಮನವರಿಗೆ ಅಲಮೇಲಮ್ಮನ ನಮಸ್ಕಾರ.

ನನ್ನ ನೆನಪಿರಬಹುದು ಅಂದುಕೊಂಡು ಬರೆಯುತ್ತಿದ್ದೇನೆ. ಹೋದ ವಾರ ಬೆಂಗಳೂರಿನ ಆಸ್ಪತ್ರೆಯಲ್ಲಿ, ಸ್ಕ್ಯಾನಿಂಗ್ ಕೋಣೆಯ ಆಚೆ, ಬೆಂಚಿನ ಮೇಲೆ ನಿಮ್ಮ ಪಕ್ಕದಲ್ಲಿ ಹಸಿರು ಶಾಲು ಹೊದ್ದು ಕೂತಿದ್ದವಳು ನಾನು. ನಿಮ್ಮ ಸೊಸೆ ಸಂಧ್ಯಾ ನನಗೂ ಮಜ್ಜಿಗೆ ತಂದುಕೊಟ್ಟಳು. ಲಿವರಿನಲ್ಲಿರುವುದು ಕ್ಯಾನ್ಸರ್ ಗಡ್ಡೆ ಅಂತ ಇಬ್ಬರಿಗೂ ಅವತ್ತೇ ಗೊತ್ತಾಯಿತು. ಡಾಕ್ಟರ ಕೋಣೆಯಿಂದ ಆಚೆ ಬಂದ ಮೇಲೆ ನೀವು, ಪರೀಕ್ಷೆ ಬರೆದ ಹುಡುಗಿಯರು ಮಾರ್ಕ್ಸ್ ಕೇಳುವ ಹಾಗೆ, "ನಿಮ್ಗೆಷ್ಟು ಅಂದ್ರಕ್ಕಾ?" ಅಂತ ಕೇಳಿದಿರಿ. ನಾನು ಮೂರು ಸೆಂಟಿಮೀಟರ್ ಅಂದೆ. "ನಂದು ಹತ್ತಂತೆ" ಅಂದು ನೀವು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿರಿ. ಹೊರಡುವಾಗ ವಿಳಾಸ ಬರೆದುಕೊಟ್ಟಿರಿ.

ಫೋನ್ ಮಾಡಬಹುದಿತ್ತು. ಆದರೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ನಾನು. ಊರಿನವರ ಹುಟ್ಟು, ಸಾವು, ಜಗಳ ಎಲ್ಲವೂ ನನ್ನ ಕಿವಿಯ ಮೂಲಕವೇ ಹೋಗುತ್ತಿತ್ತು. ಈಗ ಫೋನ್ ಹಿಡಿದರೆ ಸುಸ್ತಾಗುತ್ತದೆ. ಅಲ್ಲದೆ ಮನೆಯಲ್ಲಿ ಎಲ್ಲರೂ ಪಕ್ಕದಲ್ಲೇ ನಿಂತಿರುತ್ತಾರೆ. ನಮ್ಮ ಯಜಮಾನರು ಶ್ರೀಕಂಠಯ್ಯನವರು ಬಾಗಿಲ ಬಳಿ ಪೇಪರ್ ಓದುವ ಹಾಗೆ ನಟಿಸುತ್ತಾರೆ. ಮಗಳು ವಿಭಾ ತುಮಕೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ; ವಾರಕ್ಕೊಮ್ಮೆ ಬಂದು ನನ್ನ ರಿಪೋರ್ಟುಗಳನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ.

ನನ್ನದು ನಿಂಬೆಹಣ್ಣಿನಷ್ಟು. ನಿಮ್ಮದರ ಮುಂದೆ ಅದು ಗಡ್ಡೆಯೇ ಅಲ್ಲ. ತಪ್ಪು ತಿಳಿಯಬೇಡಿ, ಅವತ್ತು ಕಾರಿನಲ್ಲಿ ವಾಪಸು ಬರುವಾಗ ನಿಮ್ಮನ್ನು ನೆನೆದು ದುಃಖವೂ ನನ್ನನ್ನು ನೆನೆದು ಸಮಾಧಾನವೂ ಒಟ್ಟಿಗೇ ಆಯಿತು. ಅದಕ್ಕೇ ಬರೆಯಬೇಕು ಅನ್ನಿಸಿತು. ಧೈರ್ಯವಾಗಿರಿ. ಅದೃಷ್ಟ ಇದ್ದವರು ಇಲ್ಲದವರಿಗೆ ಒಂದು ಮಾತಾದರೂ ಹೇಳಬೇಕಲ್ಲ.

ಇಂತಿ,
ಅಲಮೇಲಮ್ಮ


ಚೇಳೂರು
24 ಜೂನ್ 2024

ಅಲಮೇಲಮ್ಮನವರೇ,

ನಿಮ್ಮ ಕಾಗದ ಬಂತು. ಪೋಸ್ಟಿನವನು "ಯಾರಮ್ಮ ಈ ಕಾಲದಲ್ಲಿ ಕಾಗ್ದ ಬರೆಯೋರು?" ಅಂದ. ನಮ್ಮಕ್ಕ ಅಂದುಬಿಟ್ಟೆ.

ನಾನು ಅಂಗನವಾಡಿಯಲ್ಲಿ ಟೀಚರಾಗಿ ಕೆಲಸ ಮಾಡಿದವಳು, ಬರೆಯುವುದು ರೂಢಿಯಿದೆ. ಆದರೆ ಹಾಜರಿ, ತೂಕ, ಮೊಟ್ಟೆ ಎಷ್ಟು ಬಂತು, ಇಷ್ಟೇ ಬರೆದದ್ದು. ಮನಸ್ಸಿನಲ್ಲಿದ್ದದ್ದನ್ನು ಬರೆದು ಅಭ್ಯಾಸವಿಲ್ಲ.

ಮುಂದಿನ ತಿಂಗಳು ಆಪರೇಷನ್. ಲಿವರಿನ ಬಲಗಡೆಯ ಭಾಗ ಪೂರ್ತಿ ತೆಗೆಯುತ್ತಾರಂತೆ, ಅರ್ಧಕ್ಕಿಂತ ಜಾಸ್ತಿ. ಅಷ್ಟು ತೆಗೆದ ಮೇಲೆ ಮನುಷ್ಯ ಹೇಗೆ ಇರುತ್ತಾನೆ ಅಂತ ಕೇಳಿದೆ. ಡಾಕ್ಟರು ನಕ್ಕರು. ಆ ನಗು ಯಾವ ಥರದ್ದು ಅಂತ ನನಗೆ ಗೊತ್ತಾಗಲಿಲ್ಲ. ಮನೆಗೆ ಬಂದು ನನ್ನ ಎರಡು ಒಳ್ಳೆ ಸೀರೆ ಸಂಧ್ಯಾಳಿಗೆ ಕೊಟ್ಟೆ. ಕರಿಮಣಿ ಸರವನ್ನು ತಂಗಿಗೆ ಎತ್ತಿಟ್ಟೆ. ನಮ್ಮ ಯಜಮಾನರು ಲಕ್ಷ್ಮೀನರಸಿಂಹಯ್ಯ ಕೊಬ್ಬರಿ ಮನೆಯಿಂದ ಬಂದವರು ನೋಡಿ, "ಇನ್ನೂ ಆಪರೇಷನ್ನೇ ಆಗಿಲ್ಲ, ಆಗ್ಲೇ ಹಂಚ್ತಾ ಕುಂತವ್ಳೆ. ಸುಮ್ಕಿರೇ" ಅಂತ ರೇಗಿದರು. ರೇಗಿ, ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

ಒಂದು ಕನಸು ಬೀಳುತ್ತಾ ಇದೆ. ರಾಗಿ ಹೊಲದಲ್ಲಿ ನಡೆಯುತ್ತಿರುತ್ತೇನೆ. ತೆನೆ ನನ್ನ ತಲೆಗಿಂತ ಎತ್ತರ. ಬದು ಸಿಗುವುದೇ ಇಲ್ಲ. ಹೆದರಿಕೆಯೂ ಆಗುವುದಿಲ್ಲ. ಯಾರೋ ಆಚೆಯಿಂದ ಊಟಕ್ಕೆ ಕೂಗುತ್ತಿರುತ್ತಾರೆ.

ನಿಮ್ಮದು ಚಿಕ್ಕದಾಗಿದ್ದು ನನಗೆ ಸಂತೋಷವೇ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬರಾದರೂ ಉಳಿಯಬೇಕು.

ಚೆನ್ನಮ್ಮ


ಕುಣಿಗಲ್
28 ಜುಲೈ 2024

ಪ್ರಿಯ ಚೆನ್ನಮ್ಮ,

ಆಪರೇಷನ್ ಆಯಿತು, ಕಣ್ಣು ಬಿಟ್ಟು "ಕಾಫಿ ಕೊಡ್ತೀರಾ" ಅಂತ ಕೇಳಿದಿರಿ ಅಂತ ಸಂಧ್ಯಾ ಫೋನ್ ಮಾಡಿ ಹೇಳಿದಳು. ಇವರು ದೇವರಮನೆಯಲ್ಲಿ ತುಪ್ಪದ ದೀಪ ಹಚ್ಚಿದರು. ಗುರುತಿಲ್ಲದವರಿಗಾಗಿ ಇವರು ದೀಪ ಹಚ್ಚಿದ್ದನ್ನು ನಾನು ಮೊದಲ ಸಲ ನೋಡಿದ್ದು.

ನನಗೆ ಕತ್ತರಿಸುವುದು ಬೇಡ ಅಂದರು. ತೊಡೆಯ ಸಂದಿನಿಂದ ಒಂದು ಸಣ್ಣ ನಳಿಕೆ ತೂರಿಸಿ, ಒಳಗಿಂದೊಳಗೇ ಗಡ್ಡೆಯ ತನಕ ಹೋಗಿ ಮದ್ದು ಬಿಟ್ಟರು. ಎಚ್ಚರವಾಗಿದ್ದೆ. ಪರದೆಯ ಮೇಲೆ ನನ್ನ ರಕ್ತನಾಳಗಳು ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಕಾಣುತ್ತಿದ್ದವು. ಚೆನ್ನಾಗಿತ್ತು ನೋಡಲು. ಡಾಕ್ಟರು ಇನ್ನೂ ಏನೇನೋ ಹೇಳಿದರು. ಎಲ್ಲ ದೊಡ್ಡ ದೊಡ್ಡ ಹೆಸರು, ಬಿಡಿ.

ಒಂದು ತಮಾಷೆ ಕೇಳಿ. ನನ್ನ ರಿಪೋರ್ಟಿನಲ್ಲಿ ಸಿರೋಸಿಸ್ ಅಂತ, ಕುಡುಕರ ಲಿವರಿಗೆ ಹೇಳುವ ಪದ ಇದೆ ಅಂತ ಹೇಗೋ ಬೀದಿಗೆಲ್ಲ ಗೊತ್ತಾಗಿದೆ. ಎದುರು ಮನೆಯ ಯಶಸ್ವಿನಿ ಬಂದು, ಬಾಗಿಲು ಮುಂದೆ ಮಾಡಿ, "ಆಂಟಿ, ಬೇಜಾರು ಮಾಡ್ಕೋಬೇಡಿ, ನೀವು ಯಾವತ್ತಾದ್ರೂ... ತಗೊಳ್ತಿದ್ರಾ?" ಅಂತ ಕೇಳಿದಳು. ಕಾಫಿ ಬಿಟ್ಟು ಬೇರೇನೂ ಕುಡಿದವಳಲ್ಲ ಕಣಮ್ಮ ಅಂದೆ. ಅವಳು ನಂಬಲಿಲ್ಲ. ಈಗ ಪಾಪ ಇವರನ್ನು ಅನುಮಾನದಿಂದ ನೋಡುತ್ತಾಳೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಲಿವರಿನಲ್ಲಿ ಕೊಬ್ಬು ಕೂತು ಕೂತು ಗಂಟಾಗಿದೆಯಂತೆ. ಅದಕ್ಕೂ ಅದೇ ಹೆಸರು.

ಈಚೆಗೆ ಹಗಲು ಹೊತ್ತು ತೂಕಡಿಕೆ ಜಾಸ್ತಿ. ಕಾಲು ಸ್ವಲ್ಪ ಊದಿದೆ. ಕೂತು ಕೂತು ಹಾಗಾಗಿರಬೇಕು. ನೀವು ನನ್ನ ಬಗ್ಗೆ ಯೋಚಿಸದೆ ಗಾಯ ಮಾಗಿಸಿಕೊಳ್ಳಿ.

ನಿಮ್ಮ
ಅಲಮೇಲಮ್ಮ


ಚೇಳೂರು
5 ಸೆಪ್ಟೆಂಬರ್ 2024

ಅಕ್ಕಾ,

ಇನ್ನು ಹಾಗೇ ಕರೆಯುತ್ತೇನೆ. ಪೋಸ್ಟಿನವನಿಗೆ ಮೊದಲೇ ಹೇಳಿಯಾಗಿದೆ.

ಏನಾಯಿತು ಅಂತ ಹೇಗೆ ಹೇಳಲಿ. ಹೊಸ ಸ್ಕ್ಯಾನಿಗೆ ಹೋಗಿದ್ದೆವು. ಮಗ ಭಾನುಪ್ರಕಾಶ ತುಮಕೂರಿನ ಆಫೀಸಿಗೆ ರಜೆ ಹಾಕಿ ಬಂದಿದ್ದ. ಡಾಕ್ಟರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ, "ನೋಡಿ, ಬೆಳೀತಾ ಇದೆ" ಅಂದರು. ಗಡ್ಡೆ ಮತ್ತೆ ಬೆಳೆಯುತ್ತಿದೆ ಅಂದುಕೊಂಡೆ. ಭಾನು ನನ್ನ ಕೈ ಹಿಡಿದುಕೊಂಡ. ಡಾಕ್ಟರು, "ಅಯ್ಯೋ, ಗಡ್ಡೆ ಅಲ್ಲಮ್ಮ, ಲಿವರ್! ಉಳಿಸಿದ ಭಾಗ ಬೆಳ್ಕೊಂಡು ಜಾಗ ತುಂಬ್ಕೊಳ್ತಾ ಇದೆ" ಅಂದರು.

"ಅದು ತಾನಾಗೇ ಬೆಳೀತದಾ ಸಾರ್?" ಅಂದೆ.

"ಲಿವರ್ ಚೆನ್ನಾಗಿದ್ರೆ ಬೆಳೆಯುತ್ತೆ. ನಿಮ್ಮ ಗಡ್ಡೆ ದೊಡ್ಡದು, ಆದರೆ ಸುತ್ತ ಇದ್ದ ಲಿವರ್ ಆರೋಗ್ಯವಾಗಿತ್ತು. ಅದಕ್ಕೇ ಅಷ್ಟು ತೆಗೆಯೋ ಧೈರ್ಯ ಮಾಡಿದ್ವಿ. ನಿಮ್ಮನ್ನ ಉಳಿಸಿದ್ದು ಅದೇ."

ಮತ್ತೆ ಬರಬಹುದು, ಮೂರು ತಿಂಗಳಿಗೊಮ್ಮೆ ನೋಡುತ್ತಿರಬೇಕು ಅಂತಲೂ ಹೇಳಿದರು. ಆಗಲಿ. ಆದರೆ ಅಕ್ಕಾ, ನಾನು ಅಕ್ಕಿ ಆರಿಸುತ್ತಿರುವಾಗ, ತೋಟದಲ್ಲಿ ಸೋಗೆ ಎಳೆಯುವವರ ಜೊತೆ ಮಾತಾಡುತ್ತಿರುವಾಗ, ಒಳಗೆ ಅದೊಂದು ನನ್ನನ್ನು ಕೇಳದೆಯೇ ಬೆಳೆಯುತ್ತಿದೆ. ಬಸಿರಿ ಹೆಂಗಸಿನ ಹಾಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂರುತ್ತೇನೆ. ಸಂಧ್ಯಾ ನಗುತ್ತಾಳೆ.

ಹತ್ತು ಸೆಂಟಿಮೀಟರಿನವಳೇ ಎದ್ದು ಓಡಾಡುತ್ತಿದ್ದೇನೆ. ನಿಮ್ಮ ನಿಂಬೆಹಣ್ಣು ಇಷ್ಟು ಹೊತ್ತಿಗೆ ಒಣಗಿ ಉದುರಿರಬೇಕು! ಬೇಗ ಬರೆಯಿರಿ.

ನಿಮ್ಮ ತಂಗಿ
ಚೆನ್ನಮ್ಮ


ಕುಣಿಗಲ್
3 ಅಕ್ಟೋಬರ್ 1988

ಚೆನ್ನೀ,

ಇವತ್ತು ಕೆರೆ ಮನೆಯೊಳಗೆ ಬಂದಿದೆ. ಗಲಾಟೆ ಮಾಡದೆ, ಚಪ್ಪಲಿ ಬಿಟ್ಟು ಬರುವ ನೆಂಟರ ಹಾಗೆ. ನಡುಮನೆಯಲ್ಲಿ ನೀರು ಮೊಣಕಾಲಿನ ತನಕ ಇದೆ. ಬೆಚ್ಚಗಿದೆ. ಇವರು ಅದರಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದಾರೆ. ಪೇಪರ್ ಒದ್ದೆಯಾಗುವುದಿಲ್ಲ.

ನಮ್ಮೂರ ಕುದುರೆ ಫಾರಂನ ಕುದುರೆಗಳು ಬಂದಿದ್ದವು. ಬಿಳಿಯದೊಂದು ಕಿಟಕಿಯೊಳಗೆ ಮೂತಿ ಇಟ್ಟು, ಗುಬ್ಬಿಗೆ ಲೈನ್ ಕೊಡಿ ಅಂತ ಕೇಳಿತು. ಕೊಟ್ಟೆ. ಬೋರ್ಡಿನಲ್ಲಿ ಎಲ್ಲ ದೀಪಗಳೂ ಉರಿಯುತ್ತಿವೆ, ಎಷ್ಟೊಂದು ಜನ ಕಾಯುತ್ತಿದ್ದಾರೆ. ಎಲ್ಲರಿಗೂ ಕೊಡುತ್ತೇನೆ ಇರಿ ಅಂದೆ. ಒಂದೊಂದೇ ವೈರು ಚುಚ್ಚಿದಾಗ ಒಂದೊಂದು ಊರಿನ ಸದ್ದು ಕೇಳುತ್ತದೆ. ಕೋರದಲ್ಲಿ ಹಾಲು ಕರೆಯುವ ಸದ್ದು. ಚೇಳೂರಿನಲ್ಲಿ ನೀನು ಅಕ್ಕಿ ಆರಿಸುವ ಸದ್ದು. ತುಮಕೂರಿನಲ್ಲಿ ವಿಭಾ ಇನ್ನೂ ಹುಟ್ಟಿಲ್ಲ, ಹುಟ್ಟುವ ಮುಂಚಿನ ಸದ್ದು. ಅದು ಎಲ್ಲಕ್ಕಿಂತ ಚೆನ್ನಾಗಿದೆ.

ನೀನು ಯಾವಾಗಲೂ ನನ್ನ ತಂಗಿಯೇ ಅಲ್ಲವಾ. ಮತ್ತೆ ಯಾಕೆ ಇಷ್ಟು ದಿನ ಬೇರೆ ಮನೆಯಲ್ಲಿ

ಕೈ ಹಕ್ಕಿಯ ರೆಕ್ಕೆಯ ಹಾಗೆ ಬಡಿದುಕೊಳ್ಳುತ್ತಿದೆ. ಅಕ್ಷರ ಹಾರುತ್ತಿವೆ ನೋಡು

ಅಲಮು


ಚೇಳೂರು
20 ಅಕ್ಟೋಬರ್ 2024

ಅಕ್ಕಾ,

ಎಂಥ ಕಾಗದ ಬರೆದಿರಿ! ಓದಿ ನಾನು ಹೊಲಕ್ಕೆ ಹೋಗುವುದನ್ನೇ ಮರೆತೆ. ಸಂಧ್ಯಾಳಿಗೆ ಓದಿದೆ. ನಮ್ಮ ಯಜಮಾನರಿಗೂ ಓದಿದೆ. ಅವರು ಎಲೆಯಡಿಕೆ ಬಾಯಲ್ಲಿಟ್ಟುಕೊಂಡು ಕೇಳಿ, "ಆ ಯಮ್ಮ ಕತೆ ಬರೀಬೇಕು ಕಣೇ. ಕುದುರೆ ಫೋನ್ ಕೇಳ್ತದಂತೆ!" ಅಂತ ನಕ್ಕರು. ತಾರೀಖಿನಲ್ಲಿ ಹಳೇ ವರ್ಷ ಹಾಕಿದ್ದು ನೋಡಿ ನಾನೂ ನಕ್ಕೆ. ಅಕ್ಷರ ಮಾತ್ರ ಗೀರುಗೀರಾಗಿದೆ, ಅಲ್ಲಲ್ಲಿ ಗೆರೆ ಬಿಟ್ಟು ಓಡಿದೆ. ಖುಷಿಯಲ್ಲಿ ಬೇಗ ಬೇಗ ಬರೆದಿರಬೇಕು.

ನನ್ನನ್ನು ಚೆನ್ನೀ ಅಂತ ಕರೆದಿರಿ. ನಮ್ಮವ್ವ ಹೋದ ಮೇಲೆ ಹಾಗೆ ಕರೆಯುವವರು ಯಾರೂ ಇರಲಿಲ್ಲ. ಇನ್ನೊಂದು ಬರೆಯಿರಿ ಅಕ್ಕಾ. ಅಂಥದ್ದೇ ಬರೆಯಿರಿ.

ಚೆನ್ನಿ


ಚೇಳೂರು
16 ನವೆಂಬರ್ 2024

ಅಕ್ಕಾ,

ಕಾಗದ ಬರಲಿಲ್ಲ. ರಾಗಿ ಕುಯ್ಲು ಶುರುವಾಯಿತು. ಫೋನ್ ಮಾಡಿದರೆ ನಿಮ್ಮ ಯಜಮಾನರು "ಮಲಗಿದ್ದಾರೆ" ಅಂದರು. ಎರಡು ಸಲ ಮಾಡಿದಾಗಲೂ ಅದನ್ನೇ ಅಂದರು. ನನ್ನಿಂದ ಏನಾದರೂ ತಪ್ಪಾಯಿತಾ? ಓದಿ ನಕ್ಕೆವು ಅಂತ ಬರೆದದ್ದು ಬೇಜಾರಾಯಿತಾ?

ಚೆನ್ನಿ


ಕುಣಿಗಲ್
14 ಡಿಸೆಂಬರ್ 2024

ಚೆನ್ನೀ,

ಬೇಜಾರಿಲ್ಲ. ಆದರೆ ನೀನು ಹೊಗಳಿದ ಆ ಕಾಗದ ಬರೆದದ್ದು ನನಗೆ ನೆನಪೇ ಇಲ್ಲ. ಅಂಟಿಸಿ ಇಟ್ಟಿದ್ದನ್ನು ಇವರು ಪೋಸ್ಟ್ ಡಬ್ಬಿಗೆ ಹಾಕಿದರಂತೆ.

ಬರೆದ ಮಾರನೆಯ ದಿನ ನಾನು ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು, ಒಲೆ ಹಚ್ಚುವುದು ಹೇಗೆ ಅಂತ ಗೊತ್ತಾಗದೆ ಅಳುತ್ತಿದ್ದೆನಂತೆ. ಇವರನ್ನು "ನೀವು ಯಾರು?" ಅಂತ ಕೇಳಿದೆನಂತೆ. ವಿಭಾ ಬಂದು ಆಸ್ಪತ್ರೆಗೆ ಸೇರಿಸಿದಳು. ಲಿವರ್ ಸೋಸಬೇಕಾದ ವಿಷ ಸೋಸದೆ ತಲೆಗೆ ಏರಿದರೆ ಹೀಗೆ ಆಗುತ್ತದಂತೆ. ಹಗಲು ತೂಕಡಿಕೆ, ಕೈ ಬಡಿದುಕೊಳ್ಳುವುದು, ಅಕ್ಷರ ಕೆಡುವುದು, ಎಲ್ಲ ಅದರದೇ ಮುನ್ಸೂಚನೆ. ಪಾಕದಂಥ ಒಂದು ಸಿರಪ್ ಕುಡಿಸಿ ಹೊಟ್ಟೆ ತೊಳೆಸಿದರು. ಕೆರೆ ಮನೆಯಿಂದ ಹೋಯಿತು. ನೆಲ ಕಂಡಿತು.

ಈಗ ನಿಜ ಹೇಳುತ್ತೇನೆ. ಮೊದಲ ದಿನವೇ ಡಾಕ್ಟರು ಹೇಳಿದ್ದರು: "ಗಡ್ಡೆ ಚಿಕ್ಕದು, ಅದು ನನಗೆ ಯೋಚನೆ ಅಲ್ಲ. ಅದು ಕೂತಿರೋ ಲಿವರ್ ದಣಿದುಬಿಟ್ಟಿದೆ. ಕತ್ತರಿಸಿದರೆ ಮಿಕ್ಕಿದ್ದು ಬೆಳೆಯೋಲ್ಲ, ಜೀವಾನೇ ಹೋಗುತ್ತೆ." ನಾನು ಅದರಲ್ಲಿ ಗಡ್ಡೆ ಚಿಕ್ಕದು ಅನ್ನುವಷ್ಟನ್ನೇ ಮನೆಗೆ ತಂದೆ. ನಿನಗೂ ಅಷ್ಟನ್ನೇ ಬರೆದೆ. ನಳಿಕೆಯಲ್ಲಿ ಬಿಟ್ಟ ಮದ್ದು ಗಡ್ಡೆ ಬೆಳೆಯುವುದನ್ನೇನೋ ನಿಲ್ಲಿಸಿತು, ಆದರೆ ಲಿವರಿಗೆ ಅಷ್ಟನ್ನೂ ತಡೆಯಲಾಗಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿತು. ಕಣ್ಣು ಅರಿಶಿನ ಬಣ್ಣಕ್ಕೆ ತಿರುಗಿತು. ಇನ್ನೊಮ್ಮೆ ಅದನ್ನು ಮಾಡುವ ಹಾಗಿಲ್ಲ ಅಂತ ಕೈಬಿಟ್ಟರು. ನಿನ್ನ ದೊಡ್ಡ ಗಡ್ಡೆಯನ್ನು ನೋಡಿ ನಾನು ಮರುಗಿದೆನಲ್ಲ ಚೆನ್ನಿ. ನಗು ಬರುತ್ತದೆ.

ಉಳಿದಿರುವುದು ಒಂದೇ ದಾರಿ, ಬೇರೆಯವರ ಲಿವರಿನ ಭಾಗ ತಂದು ಹಾಕುವುದು. ಹಾಗೆ ಮಾಡಿದರೆ ಗಡ್ಡೆಯೂ ಹೋಗುತ್ತದೆ, ಹಳೇ ಲಿವರೂ ಹೋಗುತ್ತದೆ. ಕೊಡಲು ಇವರಿಗೆ ವಯಸ್ಸು ಮೀರಿದೆ. ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಿದ್ದಾರೆ, ಅದು ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ. ವಿಭಾ ತಾನು ಕೊಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಾನು ಬೇಡ ಅಂದಿದ್ದೇನೆ. ಮೂವತ್ತಾರು ವರ್ಷದ ಮಗಳ ಹೊಟ್ಟೆ ಕುಯ್ಯಿಸಿ ನಾನು ಬದುಕಬೇಕಾ? ಈ ಮಾತಿಗೆ ನೀನು ಮಾರುತ್ತರ ಬರೆಯಬೇಡ.

ನಿನ್ನ
ಅಕ್ಕ


ಚೇಳೂರು
22 ಡಿಸೆಂಬರ್ 2024

ಅಕ್ಕಾ,

ಬರೆಯಬೇಡ ಅಂದಿರಿ. ಬರೆಯುವುದಿಲ್ಲ. ಸಂಕ್ರಾಂತಿಯ ಮಾರನೆಯ ದಿನ ನಾನೇ ಬರುತ್ತೇನೆ. ಭಾನು ಕರೆದುಕೊಂಡು ಬರುತ್ತಾನೆ. ವಿಭಾಳಿಗೂ ಇರಲು ಹೇಳಿ.

ನಿಮ್ಮ ಕಾಗದ ಓದಿ ನಮ್ಮ ಯಜಮಾನರು ಊಟ ಮಾಡಲಿಲ್ಲ. "ಅವತ್ತು ಕತೆ ಅಂತ ನಕ್ಕುಬಿಟ್ನಲ್ಲೇ" ಅಂದರು. ನನಗೆ ಅದಕ್ಕಿಂತ ಬೇರೆ ಒಂದು ಸಂಕಟ. ಅವತ್ತು ನನ್ನ ಲಿವರ್ ಬೆಳೆಯಿತು, ಬೆಳೆಯಿತು ಅಂತ ನಿಮಗೇ ಬರೆದೆನಲ್ಲ. ನೀವು ಅದನ್ನು ಓದುವಾಗ ಹೇಗಿತ್ತೋ.

ಚೆನ್ನಿ


ಕುಣಿಗಲ್
9 ಫೆಬ್ರುವರಿ 2025

ಚೆನ್ನೀ,

ನೀನು ಬಂದು ಹೋದ ಮೇಲೆ ಮನೆಯಲ್ಲಿ ಮೂರು ದಿನ ಎಲ್ಲರೂ ಜೋರಾಗಿ ಮಾತಾಡುತ್ತಿದ್ದೆವು. ನಿನ್ನ ಗಂಟಲು ನಮಗೂ ಅಂಟಿಕೊಂಡಿತ್ತು.

ಅಡುಗೆಮನೆಯಲ್ಲಿ ನೀನು ವಿಭಾಳ ಮುಂದೆ ಸೆರಗು ಸರಿಸಿ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದೆ. "ನೋಡವ್ವ, ಇಷ್ಟುದ್ದ ಕುಯ್ದವ್ರೆ. ಅರ್ಧಕ್ಕಿಂತ ಜಾಸ್ತಿ ತೆಗ್ದವ್ರೆ. ಈಗ ಒಳ್ಗೆಲ್ಲಾ ತುಂಬ್ಕೊಂಡದೆ. ಎಳನೀರಿನ ಗೊನೆ ನಾನೇ ಎತ್ತಿ ಗಾಡಿಗೆ ಹಾಕ್ತೀನಿ. ಹೆದರ್ಕೋಬೇಡ" ಅಂದೆ. ವಿಭಾ ಗಾಯದ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ನೀನು ನನ್ನ ಕಡೆ ತಿರುಗಿದೆ. "ಕೊಡ್ತೀನಿ ಅಂತ ನಿಂತವ್ಳಿಗೆ ಬೇಡ ಅಂದ್ರೆ, ನೀವು ಹೋಗ್ಬುಡ್ತೀರಿ. ಆ ಬೇಡ ಅನ್ನೋದ್ನ ಹೊತ್ಕೊಂಡು ತಿರ್ಗೋಳು ಅವ್ಳು. ಅದೇನು ಚೆನ್ನಾಗಿರ್ತದಾ ಅಕ್ಕಾ?" ಅಂದೆ. ಅದಕ್ಕೆ ನಾನು ಹೂಂ ಅಂದುಬಿಟ್ಟೆ.

ಪರೀಕ್ಷೆಗಳಾದವು. ರಕ್ತದ ಗುಂಪು ಹೊಂದಿತು. ಎಲ್ಲವೂ ಸರಿಯಾಗುತ್ತಿದೆ ಅನ್ನುವಾಗ ಕೊನೆಯ ಸ್ಕ್ಯಾನಿನಲ್ಲಿ ನಿಂತಿತು. ವಿಭಾಳ ಲಿವರಿನಲ್ಲೂ ಕೊಬ್ಬು ತುಂಬಿದೆ. ನೋಡಿದರೆ ತೆಳ್ಳಗಿದ್ದಾಳೆ, ಸಕ್ಕರೆಯೂ ಗಡಿಯಲ್ಲಿ ನಿಂತಿದೆ. ನನ್ನ ದಾರಿಯಲ್ಲೇ ನಡೆದು ಬರುತ್ತಿದ್ದಾಳೆ, ತುಂಬಾ ಹಿಂದೆ ಇದ್ದಾಳೆ ಅಷ್ಟೇ. "ಇಂಥ ಲಿವರಿನಿಂದ ತೆಗೆಯೋ ಹಾಗಿಲ್ಲ. ಕೊಟ್ಟವರಿಗೂ ಅಪಾಯ, ತಗೊಂಡವರಿಗೂ ಅಪಾಯ. ಆದರೆ ಈ ಹಂತದಿಂದ ವಾಪಸ್ ಬರಬಹುದು. ನಡೀಲಿ, ಊಟ ಹಿಡಿತದಲ್ಲಿಡಲಿ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ" ಅಂದರು.

ವಿಭಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಈಗ ದಿನಾ ಬೆಳಗ್ಗೆ ತುಮಕೂರಿನ ಅಮಾನಿಕೆರೆಯ ಸುತ್ತ ನಡೆಯುತ್ತಾಳೆ. ನಡೆದು ಬಂದು ನನಗೆ ಫೋನ್ ಮಾಡುತ್ತಾಳೆ. ಫೋನ್ ಎಂದರೆ ಆಗದ ನಾನು ಆ ಒಂದು ಕರೆಗೆ ಕಾದು ಕೂತಿರುತ್ತೇನೆ.

ಮಾರ್ಚಿನಲ್ಲಿ ಸಾಧ್ಯವಾದರೆ ಇನ್ನೊಮ್ಮೆ ಬಾ. ಒಬ್ಬಳೇ ಬಾ.

ಅಕ್ಕ


ತುಮಕೂರು
25 ಮೇ 2025

ಚೆನ್ನಮ್ಮ ಆಂಟಿಗೆ,

ಅಮ್ಮನ ವೈಕುಂಠ ಸಮಾರಾಧನೆಗೆ ನೀವು ಬಂದಾಗ ನಿಮ್ಮ ಜೊತೆ ಮಾತಾಡಲು ನನ್ನಿಂದ ಆಗಲಿಲ್ಲ. ನೀವು ನನ್ನನ್ನು ಹುಡುಕುತ್ತಿದ್ದದ್ದು ಗೊತ್ತಿತ್ತು. ನಾನು ಬೇಕೆಂದೇ ಮಹಡಿಯ ಮೇಲಿದ್ದೆ. ಅಮ್ಮ ನಿಮಗೆ ಕಾಗದ ಬರೆಯುತ್ತಿದ್ದಳು, ಅದಕ್ಕೆ ನಾನೂ ಬರೆಯುತ್ತಿದ್ದೇನೆ.

ಹೊಟ್ಟೆಯಲ್ಲಿ ತುಂಬಿದ್ದ ನೀರಿಗೆ ಸೋಂಕು ತಗುಲಿತು. ಇಲ್ಲಿನ ಆಸ್ಪತ್ರೆಗೆ ಸೇರಿಸಿದೆವು. ಮೊದಲ ದಿನ ಮಾತಾಡುತ್ತಿದ್ದಳು. ಆಮೇಲೆ ನಿದ್ದೆ ಜಾಸ್ತಿಯಾಯಿತು. ನೋವಿರಲಿಲ್ಲ. ಮುಖದಲ್ಲಿ ಯಾವುದೋ ಒಳ್ಳೆಯ ಊರಿಗೆ ಬಸ್ಸಿನಲ್ಲಿ ಹೋಗುತ್ತಿರುವವಳ ಹಾಗೆ ಒಂದು ನೋಟ ಇತ್ತು. ನಡುವೆ ಒಮ್ಮೆ ಕಣ್ಣು ಬಿಟ್ಟು ಅಪ್ಪನಿಗೆ "ಬಿಸಿಲು ಎಷ್ಟು ಚೆನ್ನಾಗಿದೆ" ಅಂದಳು. ಕಿಟಕಿಯ ಪರದೆ ಹಾಕಿತ್ತು. ಅಪ್ಪ "ಹೌದು ಕಣೇ" ಅಂದರು. ಮಧ್ಯಾಹ್ನ ಊಟದ ಹೊತ್ತಿಗೆ ಹೋದಳು.

ಡಾಕ್ಟರನ್ನು ಕೇಳಿದೆ, ಕ್ಯಾನ್ಸರ್ ಹರಡಿತ್ತಾ ಅಂತ. "ಇಲ್ಲಮ್ಮ, ಗಡ್ಡೆ ಹೆಚ್ಚುಕಡಿಮೆ ಇದ್ದ ಹಾಗೇ ಇದೆ. ಲಿವರ್ ಸೋತುಹೋಯಿತು" ಅಂದರು.

ಆಂಟಿ, ನಾನು ಫೆಬ್ರುವರಿಯಿಂದ ಒಂದು ದಿನವೂ ತಪ್ಪಿಸದೆ ನಡೆದೆ. ಸಿಹಿ ಬಿಟ್ಟೆ, ಅನ್ನ ಕಮ್ಮಿ ಮಾಡಿದೆ. ಮೇ ಮೊದಲ ವಾರದ ಪರೀಕ್ಷೆಯಲ್ಲಿ ಕೊಬ್ಬು ಇಳಿಯುತ್ತಿದೆ, ಇನ್ನೊಂದೆರಡು ತಿಂಗಳು ಹೀಗೇ ನಡೆದರೆ ಆಗಬಹುದು ಅಂದಿದ್ದರು. ಇನ್ನೊಂದೆರಡು ತಿಂಗಳು. ಕಾಲೇಜಿನ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಕೂತು ತಿಂದದ್ದೆಲ್ಲ ನೆನಪಾಗುತ್ತದೆ. ನಾನು ಮೊದಲೇ ಎಚ್ಚರವಾಗಿದ್ದಿದ್ದರೆ ಅಮ್ಮ ಇರುತ್ತಿದ್ದಳು. ಕೊಡುತ್ತೇನೆ ಅಂತ ಆಸೆ ಹುಟ್ಟಿಸಿ ಕೊಡಲಿಲ್ಲ.

ಈಗ ನಡೆಯುವುದು ಬಿಟ್ಟಿದ್ದೇನೆ. ಬೆಳಗ್ಗೆ ಎಚ್ಚರವಾಗುತ್ತದೆ, ಶೂ ಬಾಗಿಲಲ್ಲೇ ಇದೆ. ಯಾರಿಗೋಸ್ಕರ ಹೋಗಲಿ?

ವಿಭಾ


ಚೇಳೂರು
8 ಜೂನ್ 2025

ಮಗಳೇ ವಿಭಾ,

ನಿನ್ನ ಕಾಗದವನ್ನು ತೋಟದಲ್ಲಿ ಕೂತು ಓದಿದೆ. ಮನೆಯಲ್ಲಿ ಯಾರಿಗೂ ಓದಿ ಹೇಳಲಿಲ್ಲ.

ಮಾರ್ಚಿನಲ್ಲಿ ನಾನು ಒಬ್ಬಳೇ ಬಂದಿದ್ದೆ, ನಿನಗೆ ಗೊತ್ತು. ಅವತ್ತು ನೀನು ಕಾಲೇಜಿನಲ್ಲಿದ್ದೆ. ನಿಮ್ಮಪ್ಪ ಔಷಧಿ ತರಲು ಹೋಗಿದ್ದರು. ನಿಮ್ಮಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಬೆಳಕಿಂಡಿಯ ಬಿಸಿಲು ಅವರ ಕಾಲ ಮೇಲೆ ಬಿದ್ದಿತ್ತು, ಅದು ಮೆಲ್ಲಗೆ ಗೋಡೆಗೆ ಸರಿದು ಹೋಗುವ ತನಕ ನಾವು ಮಾತಾಡುತ್ತಿದ್ದೆವು. ಮಾತಾಡಿದ್ದೇ ಕನಸಾ ಅಂತ ಆಮೇಲೆ ಬಸ್ಸಿನಲ್ಲಿ ಅನ್ನಿಸಿತು. ಆದರೆ ತಲೆ ಸರಿಯಾಗಿಯೇ ಇತ್ತು ಅವರದು. ಯಾವ ದಿನ, ಯಾವ ತಿಥಿ ಅಂತ ಕೇಳಿ ನೋಡಿದ್ದೆ.

ಅವತ್ತು ಅವರು ಹೇಳಿದ್ದನ್ನು ಈಗ ಹೇಳುತ್ತೇನೆ. ಹೇಳಬೇಡ ಅಂದಿದ್ದರು. "ನಾನು ಇರೋ ತನಕ" ಅಂತಲೇ ಅಂದಿದ್ದರು.

"ಚೆನ್ನೀ, ವಿಭಾಳಿಂದ ಆಗಲ್ಲ ಅಂತ ಡಾಕ್ಟರು ಅಂದಾಗ, ಅವಳು ಮೆಟ್ಟಿಲ ಮೇಲೆ ಅಳ್ತಾ ಇದ್ದಳು, ನನಗೆ ಒಳಗೆ ಎಷ್ಟು ಹಗುರಾಯ್ತು ಗೊತ್ತಾ. ನನಗೆ ಯಾರೂ ಹೇಳಿರಲಿಲ್ಲ. ಹೇಳೋ ಹೊತ್ತಿಗೆ ಎಲ್ಲ ಗಟ್ಟಿಯಾಗಿ ಹೋಗಿತ್ತು. ಅವಳಿಗೆ ಮೂವತ್ತಾರಕ್ಕೇ ಹೇಳಿದ್ರು. ನಾನು ಹೂಂ ಅನ್ನದೇ ಇದ್ದಿದ್ದರೆ ಅವಳು ಆ ಸ್ಕ್ಯಾನ್ ಮಾಡಿಸ್ತಾನೇ ಇರಲಿಲ್ಲ."

"ಇನ್ನು ಆರು ತಿಂಗ್ಳು ಅಂದವ್ರಲ್ಲ ಅಕ್ಕಾ, ತಡ್ಕೊಳ್ಳಿ" ಅಂದೆ.

ಅವರು ನಕ್ಕರು. "ಆರು ತಿಂಗಳು ನನ್ನ ಹತ್ತಿರ ಇಲ್ಲ ಕಣೇ. ಡಾಕ್ಟರನ್ನ ಒಬ್ಬಳೇ ಇದ್ದಾಗ ಕೇಳಿದೀನಿ."

"ಹಂಗಾದ್ರೆ ಆ ಮಗೀಗೆ ಹೇಳ್ಬಾರ್ದಾ? ದಿನಾ ನಡ್ದು ಸಾಯ್ತಾಳೆ, ನಿಮ್ಗೆ ಕೊಡ್ಬೇಕು ಅಂತ."

"ಹೇಳಿದ್ರೆ ನಡೆಯೋದು ಬಿಟ್ಟುಬಿಡ್ತಾಳೆ. ನನಗೋಸ್ಕರ ಅಂತಾದ್ರೂ ನಡೀಲಿ. ಕಾಲಿಗೆ ಅಭ್ಯಾಸ ಆಗಲಿ. ಬೆಳಗ್ಗೆ ಫೋನ್ ಮಾಡಿ, ಅಮ್ಮಾ ಇವತ್ತು ಎರಡು ಸುತ್ತು ಹಾಕಿದೆ ಅಂತಾಳೆ. ಆ ಏದುಸಿರು ಕೇಳಿಸುತ್ತೆ ನೋಡು, ಅದು ಕೇಳಿದ್ರೆ ಅವತ್ತಿನ ದಿನ ನನಗೆ ಸಾಕು."

ಇಷ್ಟೇ. ನೀನು ಕೊಡಲಿಲ್ಲ ಅಂತ ಬರೆದೆ. ಅವರು ಅದನ್ನು ತಗೊಳ್ಳುವ ಲೆಕ್ಕದಲ್ಲೇ ಇರಲಿಲ್ಲ ಮಗಳೇ. ನೀನು ಕೆರೆ ಸುತ್ತುತ್ತಿದ್ದಷ್ಟು ದಿನ ಅವರೇ ನಿನಗೆ ಕೊಡುತ್ತಿದ್ದರು.

ಕ್ಯಾಂಟೀನಿನ ಮಾತು ಬಿಡು. ನಾನು ಏನು ಪುಣ್ಯ ಮಾಡಿ ಒಳ್ಳೆ ಲಿವರ್ ಪಡೆದೆ? ಏನೂ ಇಲ್ಲ. ನಿಮ್ಮಮ್ಮ ಏನು ಪಾಪ ಮಾಡಿದ್ದರು? ಒಂದೇ ಬೆಂಚಿನಲ್ಲಿ ಕೂತಿದ್ದೆವು. ಹೋದ ವಾರ ನನ್ನ ಸ್ಕ್ಯಾನ್ ಆಯಿತು. ಈ ಸಲಕ್ಕೆ ಏನೂ ಇಲ್ಲ ಅಂದರು. ಮುಂದಿನ ಸಲದ್ದು ಮುಂದಿನ ಸಲಕ್ಕೆ. ಆಚೆ ಬಂದು ಇದನ್ನು ಯಾರಿಗೆ ಬರೆಯಲಿ ಅಂತ ಕೈಯಾಡದೆ ನಿಂತುಬಿಟ್ಟೆ. ಅದಕ್ಕೆ ನಿನಗೆ ಬರೆಯುತ್ತಿದ್ದೇನೆ. ನೀನೂ ನಿನ್ನ ಮುಂದಿನ ಪರೀಕ್ಷೆಯದ್ದು ನನಗೆ ಬರೆ. ಆಂಟಿ ಅಂತ ಬರೆಯಬೇಡ.

ಬರುವ ಭಾನುವಾರ ಬಾ. ಗುಬ್ಬಿಯಲ್ಲಿ ಇಳಿದು ಚೇಳೂರು ಬಸ್ಸು ಹತ್ತು. ಶೂ ಹಾಕಿಕೊಂಡೇ ಬಾ. ಮಳೆ ಬಿದ್ದು ಹೊಲದ ಬದುವೆಲ್ಲ ಹಸಿರಾಗಿದೆ, ತೋಟ ದಾಟಿ ಹೊಲದ ತನಕ ಹೋಗಿ ಬರೋಣ. ಅವರೆಕಾಳಿನ ಸಾರು ಮಾಡುತ್ತೇನೆ. ಮುದ್ದೆ ಸಣ್ಣದು ಕಟ್ಟುತ್ತೇನೆ, ನಡಿಗೆ ಮಾತ್ರ ದೊಡ್ಡದು.

ನಿನ್ನ
ಚಿಕ್ಕಮ್ಮ